ಹಳೇ ಸಿಂತ್‌ಗಳ ಹಬ್ಬಕ್ಕೆ ಹೊರಟವರಿಗೆ

ವಿಂಟೇಜ್ ಸಿಂಥಸೈಜರ್ (ಸಿಂತ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಹಬ್ಬದಲ್ಲಿ ಬಾಗಿಲು ತೆರೆದ ಕೂಡಲೇ ಎಲ್ಲರೂ ಓಡುವುದು ಮಿನಿಮೂಗ್ ಕಡೆಗೆ. ಅವಸರ ಬೇಡ. 1970ರ ಆ ಯಂತ್ರದಲ್ಲಿ ಸ್ವರ ಹುಟ್ಟಿಸುವ ಮೂರು ಆಸಿಲೇಟರ್‌ಗಳು ಬೆಚ್ಚಗಾಗಿ ಸ್ಥಿರವಾಗಲು 20-30 ನಿಮಿಷ ಬೇಕು, ಅಲ್ಲಿಯತನಕ ಶ್ರುತಿ ಜಾರುತ್ತಲೇ ಇರುತ್ತದೆ. ಆ ಹೊತ್ತಿಗೆ 1983ರ ಡಿಎಕ್ಸ್7 ನುಡಿಸಿ. ಡಿಜಿಟಲ್ ಆದ್ದರಿಂದ ಅದಕ್ಕೆ ಈ ಮುನಿಸೆಲ್ಲ ಇಲ್ಲ.

ಮಾರಾಟದ ಮೇಜಿನ ಮೇಲೆ ಜೂನೋ-106 ಸಿಂತ್ ಕಂಡರೆ ಮೊದಲು ಸದ್ದನ್ನು ದಪ್ಪಗೊಳಿಸುವ ಕೋರಸ್ ಆಫ್ ಮಾಡಿ. ಅದು ಎಲ್ಲ ಹುಳುಕನ್ನೂ ಮುಚ್ಚಿಬಿಡುತ್ತದೆ. ಪಾಲಿ 1 ಮೋಡ್ ಇಟ್ಟು ಒಂದೇ ಕೀಲಿಯನ್ನು ಬಿಟ್ಟು ಬಿಟ್ಟು ಆರು ಸಲ ಒತ್ತಿ. ಪ್ರತಿ ಸಲವೂ ಅದರ ಆರು ವಾಯ್ಸ್‌ಗಳಲ್ಲಿ (ಸ್ವರ ನುಡಿಸುವ ಸರ್ಕ್ಯೂಟ್‌ಗಳಲ್ಲಿ) ಬೇರೊಂದು ನುಡಿಯುತ್ತದೆ. ಐದು ಸಲ ಸರಿಯಾಗಿದ್ದು ಆರನೆಯದು ಪರಪರ ಅಂದರೆ, ಅಥವಾ ಸದ್ದೇ ಬರದಿದ್ದರೆ, ಆ ವಾಯ್ಸ್‌ನ 80017ಎ ಚಿಪ್ ಮೇಲೆ ಅನುಮಾನ ಪಡಿ. ಚಿಪ್‌ಗೆ ಬಳಿದ ಕಪ್ಪು ಎಪಾಕ್ಸಿ ಅಂಟು ವರ್ಷಗಳು ಕಳೆದಂತೆ ಒಳಗೊಳಗೇ ವಿದ್ಯುತ್ ಸೋರಿಸುತ್ತದೆ. ಬಿಚ್ಚಿ ಅಸಿಟೋನ್‌ನಲ್ಲಿ ನೆನೆಸಿ ಲೇಪ ಸುಲಿದರೆ ಎಷ್ಟೋ ಚಿಪ್‌ಗಳು ಮತ್ತೆ ಉಸಿರಾಡುತ್ತವೆ. ಎಲ್ಲವೂ ಅಲ್ಲ, ಹಾಗಾಗಿ ಬೆಲೆ ಮಾತಾಡುವಾಗ ಬದಲಿ ಚಿಪ್‌ನ ಖರ್ಚನ್ನೂ ಸೇರಿಸಿಕೊಳ್ಳಿ.

ಕಾಪಾಡಲೆಂದು ಬಳಿದದ್ದೇ ಕೊಲ್ಲುವುದು ವಿಚಿತ್ರ. ಕೋರ್ಗ್ ಪಾಲಿಸಿಕ್ಸ್ ಸಿಂತ್‌ನದೂ ಅದೇ ಕಥೆ: ಸದ್ದುಗಳ ಸೆಟ್ಟಿಂಗ್ ನೆನಪಿಡಲು ಇಟ್ಟ ಬ್ಯಾಟರಿಯೇ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮುಚ್ಚಳ ತೆಗೆದು ತೋರಿಸಲು ಕೇಳಿ. ಹಸಿರು ಪುಡಿ ಕಂಡರೆ ಮುಂದಿನ ಮೇಜಿಗೆ ನಡೆಯಿರಿ.

ಹೆಡ್‌ಫೋನ್ ಜೊತೆ 6.35 ಮಿ.ಮೀ. ಅಡಾಪ್ಟರ್ ಮರೆಯಬೇಡಿ. ಸಣ್ಣ ಪಿನ್ ಅಲ್ಲಿನ ಹೆಚ್ಚಿನ ಯಂತ್ರಗಳಿಗೆ ಕೂರುವುದಿಲ್ಲ.