ತೈ ಹಾಂಗ್ ಓಣಿಯ ಬೆಂಕಿ ಡ್ರ್ಯಾಗನ್

ಹಾಂಗ್‌ಕಾಂಗ್‌ನ ತಿನ್ ಹೌ ಮೆಟ್ರೋ ನಿಲ್ದಾಣದಿಂದ ಹೊರಬಂದು ತೈ ಹಾಂಗ್ ಕಡೆ ಹೊರಳುತ್ತಿದ್ದಂತೆ ಊದುಬತ್ತಿಯ ಹೊಗೆ ಮೂಗಿಗೆ ಬಡಿಯಿತು. ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆ, ಮಧ್ಯ ಶರತ್ಕಾಲದ ಹಬ್ಬ. 2025ರಲ್ಲಿ ಅದು ಬಿದ್ದದ್ದು ಅಕ್ಟೋಬರ್ 6ಕ್ಕೆ. ನಮ್ಮ ಉತ್ತರ ಕರ್ನಾಟಕದ ರೈತರು ಹೊಲದಲ್ಲಿ ಚರಗ ಚೆಲ್ಲುವ ಸೀಗಿ ಹುಣ್ಣಿಮೆಯೂ ಆ ವರ್ಷ ಅದೇ ಹೊತ್ತಿಗೆ ಬಂದಿತ್ತು.

ಸುಗ್ಗಿಯ ಹೊತ್ತಿಗೆ ಚಂದ್ರನಿಗೆ ಕೈಮುಗಿಯುವುದು ಚೀನಾದಲ್ಲಿ ಬಹಳ ಹಳೆಯ ಆಚರಣೆ. ಮೊದಲು ಅದು ಅರಸರ ಪೂಜೆ. ತಾಂಗ್ ಅರಸು ಮನೆತನದ ಕಾಲದಲ್ಲಿ ಬೆಳದಿಂಗಳು ನೋಡುತ್ತ ಕೂರುವ ಸಂಭ್ರಮ ಹಬ್ಬಿತು, ಆಮೇಲಿನ ಸಾಂಗ್ ಮನೆತನದ ಕಾಲಕ್ಕೆ ಜನಸಾಮಾನ್ಯರ ಹಬ್ಬವಾಗಿ ನೆಲೆನಿಂತಿತು. ಅಮರತ್ವದ ಮದ್ದು ಕುಡಿದು ಚಂದ್ರಲೋಕಕ್ಕೆ ಹಾರಿದ ಚಾಂಗ್ ಎ ಎಂಬಾಕೆಯ ಕಥೆ ಅಲ್ಲಿ ಮಕ್ಕಳಿಗೂ ಬಾಯಿಪಾಠ. ಚಂದ್ರನ ಮೊಲ ನಮಗೂ ಗೊತ್ತಿರುವುದೇ. ಅವರ ಮೊಲ ಮಾತ್ರ ಅಲ್ಲಿ ಕೂತು ಮದ್ದು ಕುಟ್ಟುತ್ತಿರುತ್ತದೆ.

ನಾನು ಇಳಿದುಕೊಂಡಿದ್ದ ಮನೆಯ ಅಜ್ಜಿ ಸಂಜೆ ಮೂನ್‌ಕೇಕ್ ಕತ್ತರಿಸಿದರು. ಅಂಗೈಯಗಲದ ಬಿಲ್ಲೆ, ಮೇಲೆ ಅಚ್ಚೊತ್ತಿದ ಅಕ್ಷರ, ಒಳಗೆ ಕಮಲದ ಬೀಜದ ಸಿಹಿ ಹೂರಣ, ನಡುವೆ ಉಪ್ಪಿನಲ್ಲಿ ನೆನೆದ ಬಾತುಕೋಳಿ ಮೊಟ್ಟೆಯ ಕೆಂಪನೆಯ ಹಳದಿ ಭಾಗ. ಸಿಹಿ–ಉಪ್ಪು ಒಟ್ಟಿಗೆ ನಾಲಿಗೆಗೆ ತಾಗುವ ಆ ರುಚಿ ನನಗೆ ಬಹಳ ಹಿಡಿಸಿತು. ಎಷ್ಟು ಜನರಿದ್ದರೆ ಅಷ್ಟು ಹೋಳು. ಇಡೀ ಬಿಲ್ಲೆ ಒಬ್ಬರೇ ತಿನ್ನುವಂತಿಲ್ಲ. ಪಕ್ಕದಲ್ಲಿ ಸುಲಿದಿಟ್ಟ ಚಕ್ಕೋತ, ಬಿಸಿ ಚಹಾ.

ಆದರೆ ನಾನು ಅಷ್ಟು ದೂರ ಹೋದದ್ದು ಡ್ರ್ಯಾಗನ್‌ಗಾಗಿ. ತೈ ಹಾಂಗ್ ಒಂದು ಕಾಲಕ್ಕೆ ಹಕ್ಕಾ ಎಂಬ ಚೀನೀ ಸಮುದಾಯದವರ ಸಣ್ಣ ಹಳ್ಳಿ. 1880ರಲ್ಲಿ ಬಿರುಗಾಳಿಯ ಬೆನ್ನಿಗೇ ಊರಿಗೆ ಸಾಂಕ್ರಾಮಿಕ ರೋಗ ಬಡಿಯಿತಂತೆ. ಹಿರಿಯರೊಬ್ಬರ ಕನಸಿನಲ್ಲಿ ಬಂದ ಅಪ್ಪಣೆಯಂತೆ ಪಟಾಕಿ ಹೊಡೆದು, ಬೆಂಕಿಯ ಡ್ರ್ಯಾಗನ್ ಕುಣಿಸಿದ ಮೇಲೆ ರೋಗ ಬಿಟ್ಟುಹೋಯಿತು ಎಂಬುದು ಊರಿನ ನಂಬಿಕೆ. ಹಳ್ಳಿ ಇವತ್ತು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿದೆ, ಹರಕೆ ನಿಂತಿಲ್ಲ. 2011ರಲ್ಲಿ ಇದು ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿತು.

ಲಿನ್ ಫಾ ದೇಗುಲದಲ್ಲಿ ಪೂಜೆಯಾದ ಮೇಲೆ ಡ್ರ್ಯಾಗನ್ ಹೊರಟಿತು. 67 ಮೀಟರ್ ಉದ್ದದ ಹುಲ್ಲಿನ ಮೈ, ಅದರ ತುಂಬ ಸಾವಿರಾರು ಉರಿಯುವ ಊದುಬತ್ತಿ, ಹೊರಲು ಸುಮಾರು 300 ಜನ. ತಲೆಯ ತೂಕವೇ ಹೆಚ್ಚು. ಅದನ್ನು ಹೊತ್ತವರು ಸರದಿಯಲ್ಲಿ ಹೆಗಲು ಬದಲಿಸುತ್ತಿದ್ದರು. ಮುಂದೆ ಓಡುವವರ ಕೈಯಲ್ಲಿ ಕೋಲಿನ ತುದಿಗೆ ಚಕ್ಕೋತ, ಅದಕ್ಕೂ ಊದುಬತ್ತಿ ಚುಚ್ಚಿದ್ದಾರೆ. ಅದೇ ಡ್ರ್ಯಾಗನ್ ಅಟ್ಟಿಸಿಕೊಂಡು ಹೋಗುವ ಮುತ್ತು. ನನ್ನೆದುರು ಹಾದುಹೋದ ಹುಡುಗನ ಬಿಳಿ ಅಂಗಿಯ ಹೆಗಲಿಗೆಲ್ಲ ಬೂದಿ, ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು, ಬಾಯಿ ತುಂಬ ನಗು. ಅಷ್ಟು ದೊಡ್ಡ ಮಹಾನಗರದಲ್ಲಿ ಒಂದು ಓಣಿಯವರು ಅಜ್ಜಂದಿರ ಮಾತನ್ನು ಹೀಗೆ ಹೆಗಲ ಮೇಲೆ ಹೊತ್ತು ಓಡುವುದನ್ನು ಕಂಡು ನನ್ನ ಗಂಟಲು ಕಟ್ಟಿತು.

ಹತ್ತಿರದ ವಿಕ್ಟೋರಿಯಾ ಪಾರ್ಕ್‌ನ ದೀಪಾಲಂಕಾರವೂ ಚೆಂದವೇ, ಆದರೆ ಅದನ್ನು ಆಮೇಲೆ ನೋಡಿ. ಡ್ರ್ಯಾಗನ್ ನೋಡಲು ಹೋಗುವವರು ತೈ ಹಾಂಗ್‌ನ ವುನ್ ಶಾ ಬೀದಿಯಲ್ಲಿ ಕತ್ತಲಾಗುವ ಮೊದಲೇ ಜಾಗ ಹಿಡಿಯಬೇಕು. ಕಿಡಿ ಹಾರುವುದರಿಂದ ಹತ್ತಿಬಟ್ಟೆಯೇ ಒಳ್ಳೆಯದು.