ನೆರಳಿನ ಕೋಲು: ಜನವರಿಯಿಂದ ಮಾರ್ಚ್‌ವರೆಗೆ ಆದದ್ದು

ಹಾಸನದ ನಮ್ಮ ಭಾನುವಾರದ ವಿಜ್ಞಾನ ಗುಂಪು ಈ ವರ್ಷ ಒಂದೇ ಕೆಲಸ ಹಿಡಿದಿದೆ. ತಾರಸಿ ಮೇಲೆ ಒಂದು ಮೀಟರ್ ಎತ್ತರದ ತೆಳ್ಳನೆಯ ಕಬ್ಬಿಣದ ಸರಳು ನಿಲ್ಲಿಸಿ, ಅದರ ನೆರಳು ಅಳೆಯುವುದು. ಮಕ್ಕಳೆಲ್ಲ ಏಳು, ಎಂಟನೇ ಕ್ಲಾಸಿನವರು. ಗಮನಿಸು, ಪ್ರಶ್ನೆ ಕೇಳು, ಊಹಿಸು, ಪ್ರಯೋಗ ಮಾಡು, ತೀರ್ಮಾನಿಸು ಅಂತ ವೈಜ್ಞಾನಿಕ ವಿಧಾನದ ಮೆಟ್ಟಿಲುಗಳೆಲ್ಲ ಇವರಿಗೆ ಬಾಯಿಪಾಠ. ನನಗೆ ಬೇಕಾಗಿದ್ದು ಬೇರೆ. ಊಹೆ ಅಂದರೆ ಸೋಲಬಹುದಾದ ಮಾತು ಅನ್ನೋದು ಇವರಿಗೆ ಅನುಭವಕ್ಕೆ ಬರಬೇಕು. ಅದಕ್ಕೇ ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಅಳೆಯುವ ಮೊದಲೇ ಊಹೆಯನ್ನು ಪೆನ್ನಲ್ಲಿ ಬರೆಯಬೇಕು. ಏನು ಕಂಡರೆ ಅದು ತಪ್ಪು ಅನ್ನೋದನ್ನೂ ಕೆಳಗೇ ಬರೆಯಬೇಕು.

ಜನವರಿ

ಮೊದಲ ಊಹೆ ಎಲ್ಲರದ್ದೂ ಒಂದೇ. ಮಧ್ಯಾಹ್ನ ಸರಿಯಾಗಿ 12 ಗಂಟೆಗೆ ಸೂರ್ಯ ನೆತ್ತಿ ಮೇಲೆ ಇರುತ್ತಾನೆ, ನೆರಳು ಇರೋದಿಲ್ಲ. ತಿಂಗಳ ಮೊದಲ ವಾರ ಅಳೆದರೆ 12 ಗಂಟೆಗೆ ಮುಕ್ಕಾಲು ಮೀಟರಿನಷ್ಟು ನೆರಳು! ಅಷ್ಟೇ ಅಲ್ಲ, ಆಮೇಲೂ ಕುಗ್ಗುತ್ತಾ ಹೋಗಿ ಸುಮಾರು 12:30ಕ್ಕೆ ತೀರಾ ಚಿಕ್ಕದಾಯಿತು. ಆಗಲೂ 72 ಸೆಂ.ಮೀ. ಇತ್ತು. ಒಂದೇ ಅಳತೆಗೆ ಎರಡು ಪ್ರಶ್ನೆ ಹುಟ್ಟಿದವು. ನೆರಳು ಯಾಕೆ ಮಾಯವಾಗಲಿಲ್ಲ? ಅರ್ಧ ಗಂಟೆ ತಡ ಯಾಕೆ?

ತಡಕ್ಕೆ ಮೂರು ಕಾರಣ ಬಂದವು. ಗಡಿಯಾರ ಸರಿಯಿಲ್ಲ, ಸರಳು ವಾಲಿದೆ, ಹಾಸನ ಪಶ್ಚಿಮಕ್ಕಿದೆ. ಮೂರನ್ನೂ ಒಟ್ಟಿಗೆ ಸರಿಪಡಿಸೋಣ ಅಂದರು. ಬೇಡ, ಒಂದೊಂದೇ ಬದಲಾಯಿಸೋಣ ಅಂದೆ. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗೋದಿಲ್ಲ, ಅಲ್ವಾ? ಬೇರೆ ಬೇರೆ ಮೊಬೈಲುಗಳಲ್ಲಿ ಸಮಯ ನೋಡಿದರು, ಎಲ್ಲದರಲ್ಲೂ ಒಂದೇ. ದಾರಕ್ಕೆ ಭಾರದ ನಟ್ ಕಟ್ಟಿ ಇಳಿಬಿಟ್ಟು ನೋಡಿದರು, ಸರಳು ನೆಟ್ಟಗೇ ಇತ್ತು. ಉಳಿದದ್ದು ಮೂರನೆಯದು.

ಫೆಬ್ರವರಿ

ಈ ತಿಂಗಳು ಜಾಸ್ತಿ ಹೊತ್ತು ಹೋಗಿದ್ದು ಅಳತೆಯ ಮೇಲೆ. ನೆರಳಿನ ತುದಿ ಗೆರೆ ಎಳೆದಂತೆ ಇರೋದಿಲ್ಲ, ಮಸುಕಾಗಿರುತ್ತೆ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಒಂದು ಮೀಟರ್ ಸರಳಿಗೆ ಸುಮಾರು ಒಂದು ಸೆಂ.ಮೀ. ಮಸುಕು ಇದ್ದೇ ಇರುತ್ತೆ. ಒಬ್ಬ 48 ಅಂದ, ಒಬ್ಬಳು 49 ಅಂದಳು, ಇನ್ನೊಬ್ಬ ಪಕ್ಕದವಳ ಪುಸ್ತಕ ನೋಡಿ ತನ್ನದನ್ನು ತಿದ್ದಿಕೊಂಡ. ಅವತ್ತಿನಿಂದ ಪ್ರತಿಯೊಬ್ಬರೂ ಇನ್ನೊಬ್ಬರದನ್ನು ನೋಡದೆ ಗುರುತು ಹಾಕಿ, ಆಮೇಲೆ ಸರಾಸರಿ ತೆಗೆಯುತ್ತಾರೆ. ಅಂಕಿ ಬೇರೆ ಬೇರೆ ಬರೋದು ತಪ್ಪಲ್ಲ, ಅದನ್ನು ಮುಚ್ಚಿಡೋದು ತಪ್ಪು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನಡು ಮಧ್ಯಾಹ್ನ ಹುಡುಕೋಕೂ ಒಳ್ಳೆ ದಾರಿ ಸಿಕ್ಕಿತು. ಆ ಹೊತ್ತಿಗೆ ನೆರಳಿನ ಉದ್ದ ಬದಲಾಗೋದೇ ಕಾಣಿಸೋದಿಲ್ಲ. ಹಾಗಾಗಿ ಸರಳಿನ ಸುತ್ತ ಸೀಮೆಸುಣ್ಣದಲ್ಲಿ ವೃತ್ತ ಬರೆಯುತ್ತೇವೆ. ತುದಿ ವೃತ್ತದೊಳಗೆ ಬರುವ ಸಮಯ, ಹೊರಗೆ ಹೋಗುವ ಸಮಯ ಎರಡನ್ನೂ ಬರೆದುಕೊಂಡು ಮಧ್ಯದ ಸಮಯ ತೆಗೆಯುತ್ತೇವೆ. ತಿಂಗಳ ನಡುವೆ ಒಳಗೆ ಬಂದಿದ್ದು 11:25ಕ್ಕೆ, ಹೊರಗೆ ಹೋಗಿದ್ದು 1:55ಕ್ಕೆ. ನಡು ಮಧ್ಯಾಹ್ನ 12:40. ಖಗೋಳದ ಹಳೆಯ ಸಂಸ್ಕೃತ ಗ್ರಂಥ ಸೂರ್ಯಸಿದ್ಧಾಂತದಲ್ಲಿ ದಿಕ್ಕು ಹುಡುಕೋಕೆ ಶಂಕು, ಅಂದರೆ ನೆಟ್ಟಗಿನ ಕೋಲು, ನೆಟ್ಟು ವೃತ್ತ ಬರೆಯುವ ಕ್ರಮ ಇದೆಯಲ್ಲ, ಅದೇ ಇದು.

ಇನ್ನು ಪಶ್ಚಿಮದ ಊಹೆ. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿವೆ. ಹಾಸನ ಇರೋದು 76.1ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮಗೆ ಸುಮಾರು 26 ನಿಮಿಷ ತಡ ಆಗಬೇಕು. ಆದರೆ ಲೆಕ್ಕ ಹೊಂದಿದರೆ ಸಾಲದು, ಊಹೆ ಹೊಸದೇನನ್ನಾದರೂ ಮುಂಚೆಯೇ ಹೇಳಬೇಕು. ಅದೃಷ್ಟಕ್ಕೆ ಚೆನ್ನೈ, ಬೆಂಗಳೂರು, ಹಾಸನ, ಮಂಗಳೂರು ನಾಲ್ಕೂ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲೇ ಸಾಲಾಗಿವೆ. ಒಬ್ಬಳ ಚಿಕ್ಕಪ್ಪ ಚೆನ್ನೈಯಲ್ಲಿದ್ದಾರೆ, ಇನ್ನೊಬ್ಬನ ಸೋದರತ್ತೆ ಮಂಗಳೂರಿನಲ್ಲಿ. ಊಹೆ ಬರೆದಾಯಿತು: ಚೆನ್ನೈ ನಮಗಿಂತ 17 ನಿಮಿಷ ಮುಂಚೆ, ಮಂಗಳೂರು 5 ನಿಮಿಷ ತಡ.

ಚೆನ್ನೈ ಎರಡು ಮೂರು ನಿಮಿಷದ ಆಚೀಚೆಯಲ್ಲಿ ಸರಿಯಾಗಿ ಬಂತು. ಮಕ್ಕಳು ಕೂಗಿಕೊಂಡರು. ಮಂಗಳೂರಿನ ಅಂಕಿ ಮಾತ್ರ ನಮ್ಮದಕ್ಕೆ ಅಂಟಿಕೊಂಡಂತೆ ಬಂತು. ಊಹೆ ಸೋತಿತಾ? ಇಲ್ಲ. ನಮ್ಮ ಅಳತೆಯೇ ಮೂರು ನಿಮಿಷ ಆಚೀಚೆ, ಅವರದ್ದೂ ಅಷ್ಟೇ. 5 ನಿಮಿಷದ ವ್ಯತ್ಯಾಸ ಅದರೊಳಗೇ ಮುಳುಗಿಹೋಗುತ್ತೆ. 'ಇದರಿಂದ ಏನೂ ಹೇಳೋಕಾಗಲ್ಲ' ಅಂತ ಒಬ್ಬಳು ಬರೆದಳು. ಈ ಮೂರು ತಿಂಗಳಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಅದು.

ಮಾರ್ಚ್

ಹೊಸ ತೊಡಕು. ಹಾಸನಕ್ಕೆ 26 ನಿಮಿಷ ತಡ ಅಂದರೆ ವರ್ಷಪೂರ್ತಿ 12:26 ಇರಬೇಕಿತ್ತು. ಆದರೆ ಜನವರಿಯಲ್ಲಿ 12:30, ಫೆಬ್ರವರಿಯಲ್ಲಿ 12:40, ಮಾರ್ಚ್ ಕೊನೆಗೆ ಮತ್ತೆ 12:30. ಅಂದರೆ ಪಶ್ಚಿಮದ ಊಹೆ ಸರಿ, ಆದರೆ ಪೂರ್ತಿಯಲ್ಲ. ಕಾರಣವನ್ನು ಮಕ್ಕಳಿಗೆ ನಾನಿನ್ನೂ ಹೇಳಿಲ್ಲ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ. ಜನವರಿ ಮೊದಲಲ್ಲಿ ಸೂರ್ಯನಿಗೆ ಹತ್ತಿರ ಇದ್ದಾಗ ಅದರ ಓಟ ಜೋರು. ಜೊತೆಗೆ ಭೂಮಿಯ ಅಕ್ಷದ 23.4 ಡಿಗ್ರಿ ವಾಲಿಕೆ ಬೇರೆ. ಎರಡೂ ಸೇರಿ ಫೆಬ್ರವರಿ ನಡುವೆ ಸೂರ್ಯ ಗಡಿಯಾರಕ್ಕಿಂತ 14 ನಿಮಿಷ ಹಿಂದೆ, ನವೆಂಬರ್ ಮೊದಲಲ್ಲಿ 16 ನಿಮಿಷ ಮುಂದೆ. ಇದನ್ನು ಈಗಲೇ ಹೇಳಿಬಿಟ್ಟರೆ ನವೆಂಬರ್‌ವರೆಗೆ ಅಳೆಯೋಕೆ ಯಾರಿಗೆ ಮನಸ್ಸು ಬರುತ್ತೆ?

ಉದ್ದದ ಕಡೆ ಗ್ರಾಫ್ ಚೆನ್ನಾಗಿ ಬರುತ್ತಿದೆ. ಜನವರಿ ಮೊದಲಲ್ಲಿ 72, ಫೆಬ್ರವರಿ ನಡುವೆ 49, ಮಾರ್ಚ್ 21ರ ಹೊತ್ತಿಗೆ 23 ಸೆಂ.ಮೀ. ಕುಗ್ಗುವ ವೇಗ ಹೆಚ್ಚಿದ್ದು ಅವರ ಕಣ್ಣಿಗೇ ಬಿತ್ತು. ಸ್ಕೇಲ್ ಇಟ್ಟು ಗೆರೆ ಮುಂದಕ್ಕೆ ಎಳೆದವರಿಗೆ ಏಪ್ರಿಲ್ 20ಕ್ಕೆ ಸೊನ್ನೆ. ಸ್ವಲ್ಪ ಬಗ್ಗಿಸಿ ಎಳೆದವರಿಗೆ ಅದಕ್ಕಿಂತ ಕೆಲವು ದಿನ ತಡ. ಒಬ್ಬ ಮಾತ್ರ ಸೊನ್ನೆಗೆ ನಿಲ್ಲೋದಿಲ್ಲ, ಆಮೇಲೆ ನೆರಳು ದಕ್ಷಿಣಕ್ಕೆ ಬೀಳುತ್ತೆ ಅಂತ ಬರೆದಿದ್ದಾನೆ. ಉಳಿದವರು ಒಪ್ಪಿಲ್ಲ. ಮೂರೂ ಊಹೆ ಪೆನ್ನಲ್ಲೇ ಇವೆ.

ಮುಂದೆ

ಇಲ್ಲಿ ಶೂನ್ಯ ನೆರಳಿನ ದಿನ ಏಪ್ರಿಲ್ 24ರ ಆಸುಪಾಸು, ಸಮಯ ಸುಮಾರು 12:24. ಮೋಡ ಬಂದರೆ ಹಿಂದಿನ ದಿನ, ಮುಂದಿನ ದಿನವೂ ನಡೆಯುತ್ತೆ. ಒಂದು ದಿನಕ್ಕೆ ಆಗೋ ವ್ಯತ್ಯಾಸ ಅರ್ಧ ಸೆಂ.ಮೀ.ಗಿಂತ ತುಸು ಜಾಸ್ತಿ ಅಷ್ಟೇ. ಮತ್ತೆ ಆಗಸ್ಟ್ 18ಕ್ಕೂ ಬರುತ್ತೆ, ಆದರೆ ಮಳೆಗಾಲದ ಹಾಸನವನ್ನು ನಂಬೋ ಹಾಗಿಲ್ಲ.

ಜೊತೆಗೆ ವಿಜಯಪುರದಲ್ಲಿ ಸರಳು ನೆಡುವವರು ಯಾರಾದರೂ ಸಿಗಬೇಕು. ಆ ಊರು ನಮ್ಮಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸುಮಾರು 425 ಕಿ.ಮೀ. ದೂರದಲ್ಲಿದೆ. ಒಂದೇ ದಿನ ಎರಡೂ ಕಡೆ ಅಳೆದು ಕೋನದ ವ್ಯತ್ಯಾಸ ತೆಗೆದರೆ, ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದ ಹಾಗೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. ಅಲ್ಲಿನ ಶಾಲೆಯ ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇಕಾಗಿರೋದು ಒಂದು ಮೀಟರ್ ಸರಳು, ಸೀಮೆಸುಣ್ಣ, ಬಿಸಿಲು ಇಷ್ಟೇ. ಊಹೆಯನ್ನು ಮಾತ್ರ ಮೊದಲೇ ಬರೆಸಿ.