ಫ್ರೇಸಲ್ ವರ್ಬ್ ದಫ್ತರ: ಮೂರನೆಯ ಪದದ ಪ್ರಕಾರ ಮರುವಿಂಗಡಣೆ

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು, ಅಂದರೆ ಕ್ರಿಯಾಪದಕ್ಕೆ ‘ಅಪ್’, ‘ಔಟ್’ನಂಥ ಚಿಕ್ಕ ಪದ ಸೇರಿ ಅರ್ಥ ಬದಲಾಗುವ ನುಡಿಗಟ್ಟುಗಳನ್ನು, ಕನ್ನಡಿಗರಿಗೆ ಅನುಕೂಲವಾಗುವಂತೆ ವಿಂಗಡಿಸಿ ಬರೆದಿಡುವ ನನ್ನ ಹವ್ಯಾಸದ ದಫ್ತರ ಈ ಮಳೆಗಾಲದಲ್ಲಿ ಹೊಸ ಕ್ರಮಕ್ಕೆ ಬರುತ್ತಿದೆ. ಇದುವರೆಗೆ ಕ್ರಿಯಾಪದದ ಅಕಾರಾದಿಯಲ್ಲಿದ್ದ ನಮೂದುಗಳನ್ನು ಬಿಡಿಸಿ, ಕ್ರಿಯಾಪದ ಆದ ಕೂಡಲೇ ಬರುವ ಚಿಕ್ಕ ಪದ ಯಾವುದು, ಅದರ ನಂತರ ಇನ್ನೊಂದು ಚಿಕ್ಕ ಪದವಿದೆಯೇ, ಇದ್ದರೆ ಅದು ಕ್ರಿಯಾಪದಕ್ಕೆ ಸೇರಿದ್ದೋ ಮುಂದಿನ ನಾಮಪದಕ್ಕೆ ಸೇರಿದ್ದೋ ಎಂದು ನೋಡಿ ಮತ್ತೆ ಜೋಡಿಸುತ್ತಿದ್ದೇನೆ. ಗಂಗಾವತಿಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಕೆಲವು ಯುವಕ ಯುವತಿಯರು ಸಂಜೆ ಹೊತ್ತು ಈ ಹಾಳೆಗಳನ್ನು ಓದಿ ನೋಡುತ್ತಾರೆ. ಅವರು ಎಲ್ಲಿ ತಡವರಿಸುತ್ತಾರೆ ಎಂಬುದೇ ಈ ಬದಲಾವಣೆಗೆ ಕಾರಣ. ‘ರನ್ ಔಟ್’ ಎಂದರೆ ಮುಗಿದುಹೋಗುವುದೆಂದು ಅವರಿಗೆ ಗೊತ್ತಿದೆ (ಕ್ರಿಕೆಟ್ಟಿನ ರನೌಟ್ ಬೇರೆಯ ಮಾತು). ಮುಗಿದುಹೋದ ವಸ್ತುವಿನ ಹೆಸರನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು, ಅದರ ಮುಂದೆ ಯಾವ ಪದ ಹಚ್ಚಬೇಕು ಎಂಬಲ್ಲಿ ಪೆನ್ನು ನಿಲ್ಲುತ್ತದೆ.

ಮೊದಲು ಲಿಪಿಯ ಒಂದು ತೊಡಕನ್ನು ಬಗೆಹರಿಸಬೇಕಾಯಿತು. ಒಂದು ಎಫ್‌ನ ಪದವನ್ನೂ ಎರಡು ಎಫ್‌ನ ಪದವನ್ನೂ ಕನ್ನಡದಲ್ಲಿ ‘ಆಫ್’ ಎಂದೇ ಬರೆಯುವುದು ರೂಢಿ. ಸ್ವಿಚ್ಚಿನ ಆಫ್ ಒಂದು, ಬ್ಯಾಂಕ್ ಆಫ್ ಬರೋಡದ ಆಫ್ ಇನ್ನೊಂದು. ನನ್ನ ದಫ್ತರದಲ್ಲಿ ಇನ್ನು ಮುಂದೆ ಒಂದು ಎಫ್‌ನ ಪದವನ್ನು, ಅದರ ಉಚ್ಚಾರದಂತೆ, ‘ಆವ್’ ಎಂದು ಬರೆಯುತ್ತೇನೆ.

ಈಗ ‘ದಿ ಮಿಲ್ ಹ್ಯಾಸ್ ರನ್ ಔಟ್ ಆವ್ ಪ್ಯಾಡಿ’ ಎಂಬ ವಾಕ್ಯವನ್ನು ನೋಡೋಣ. ಇಲ್ಲಿ ‘ಔಟ್’ ಕ್ರಿಯಾಪದದ ಪಾಲು, ‘ಆವ್’ ಭತ್ತದ ಪಾಲು. ಭತ್ತದ ಹೆಸರು ಹೇಳುವ ಅಗತ್ಯವಿಲ್ಲದಿದ್ದರೆ ‘ವಿ ಹ್ಯಾವ್ ರನ್ ಔಟ್’ ಎಂದಷ್ಟೇ ಹೇಳಿ ನಿಲ್ಲಿಸಬಹುದು. ನಾಮಪದ ಹೊರಟರೆ ‘ಆವ್’ ಕೂಡ ಅದರೊಂದಿಗೆ ಹೊರಟುಹೋಗುತ್ತದೆ. ‘ಕ್ಯಾಚ್ ಅಪ್ ವಿತ್’, ‘ಕೀಪ್ ಅಪ್ ವಿತ್’, ‘ಕಟ್ ಡೌನ್ ಆನ್’ ಇವೂ ಹೀಗೆಯೇ. ಸಕ್ಕರೆ ಕಡಿಮೆ ಮಾಡೆನ್ನುವ ವೈದ್ಯರು ‘ಕಟ್ ಡೌನ್ ಆನ್ ಶುಗರ್’ ಎನ್ನಬಹುದು. ಮಾತು ಸಕ್ಕರೆಯದೇ ಎಂದು ಇಬ್ಬರಿಗೂ ಗೊತ್ತಿದ್ದರೆ ‘ಯು ಶುಡ್ ಕಟ್ ಡೌನ್’ ಎಂದರೂ ಸಾಕು. ಆದರೆ ‘ಪುಟ್ ಅಪ್ ವಿತ್’ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ‘ಐ ಕಾಂಟ್ ಪುಟ್ ಅಪ್’ ಎಂದು ನಿಲ್ಲಿಸಿದರೆ ಸಹಿಸಲಾರೆ ಎಂಬ ಅರ್ಥ ಬರುವುದೇ ಇಲ್ಲ. ‘ಲುಕ್ ಫಾರ್ವರ್ಡ್ ಟು’, ‘ಲುಕ್ ಡೌನ್ ಆನ್’ ಕೂಡ ಇದೇ ಜಾತಿಯವು. ಆದ್ದರಿಂದ ಇವುಗಳಿಗೆ ಬೇರೆ ಪುಟ ತೆರೆದಿದ್ದೇನೆ.

‘ಪುಟ್ ಅಪ್’ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಪ್ರತಿದಿನ ಕೇಳಿಬರುವ ಮಾತಾದ್ದರಿಂದ ಅದರ ಮೇಲೆ ಸ್ವಲ್ಪ ಹೆಚ್ಚು ಕಾಲ ಕಳೆದೆ. ‘ಫೈಲ್ ಪುಟ್ ಅಪ್ ಮಾಡಿ’ ಎಂದರೆ ಕಡತವನ್ನು ಮೇಲಧಿಕಾರಿಯ ಮುಂದಿಡಿ ಎಂದರ್ಥ. ಅಲ್ಲಿ ಪ್ರಿಪೊಸಿಷನ್, ಅಂದರೆ ಮುಂದಿನ ನಾಮಪದಕ್ಕೆ ಸೇರಿದ ಚಿಕ್ಕ ಪದ, ಇಲ್ಲದಿರುವುದರಿಂದ ‘ಪುಟ್ ಅಪ್ ದಿ ಫೈಲ್’, ‘ಪುಟ್ ದಿ ಫೈಲ್ ಅಪ್’ ಎರಡೂ ಸರಿ. ಸರ್ವನಾಮ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು, ‘ಪುಟ್ ಇಟ್ ಅಪ್’. ಗದ್ದಲವನ್ನು ಸಹಿಸುವ ‘ಪುಟ್ ಅಪ್ ವಿತ್’ನಲ್ಲಿ ನಡುವೆ ಜಾಗವೇ ಇಲ್ಲ, ನಾಮಪದವಾಗಲಿ ಸರ್ವನಾಮವಾಗಲಿ ‘ವಿತ್’ನ ನಂತರವೇ ಬರಬೇಕು. ಎರಡು ಪದಗಳ ‘ಲುಕ್ ಆಫ್ಟರ್’ನಲ್ಲೂ ‘ಆಫ್ಟರ್’ ಪ್ರಿಪೊಸಿಷನ್ ಆಗಿರುವುದರಿಂದ ‘ಲುಕ್ ಆಫ್ಟರ್ ಹರ್’ ಎನ್ನಬೇಕು. ನಿಘಂಟು ನೋಡುವ ‘ಲುಕ್ ಅಪ್’ನಲ್ಲಿ ‘ಅಪ್’ ಕ್ರಿಯಾವಿಶೇಷಣ, ಅಂದರೆ ಕ್ರಿಯಾಪದಕ್ಕೇ ಸೇರಿದ್ದು, ಆದ್ದರಿಂದ ‘ಲುಕ್ ಇಟ್ ಅಪ್’ ಆಗುತ್ತದೆ. ವ್ಯಾಕರಣದ ಪುಸ್ತಕಗಳು ಇವನ್ನು ಬಿಡಿಸಬಹುದಾದವು, ಬಿಡಿಸಲಾಗದವು ಎಂದು ಎರಡು ಉದ್ದನೆಯ ಪಟ್ಟಿಗಳಲ್ಲಿ ಕೊಡುತ್ತವೆ. ಚಿಕ್ಕ ಪದ ಯಾರಿಗೆ ಸೇರಿದ್ದು ಎಂದು ಕೇಳಿಕೊಂಡರೆ ಪಟ್ಟಿಯ ಬಹುಪಾಲನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೂರನೆಯ ಗುಂಪು ಹೊಳೆದದ್ದು ತುಂಗಭದ್ರಾ ಅಣೆಕಟ್ಟಿನ ಸುದ್ದಿಯ ಮೇಲೆ ಅಭ್ಯಾಸದ ವಾಕ್ಯಗಳನ್ನು ಕಟ್ಟುವಾಗ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದದ್ದು, ಎಡದಂಡೆ ಕಾಲುವೆಯನ್ನೇ ನಂಬಿರುವ ಕೊಪ್ಪಳ, ರಾಯಚೂರು ಜಿಲ್ಲೆಗಳ ರೈತರಿಗೆ ಮರೆಯುವಂಥ ಸಂಗತಿಯಲ್ಲ. ‘ದಿ ಗೇಟ್ ವಾಸ್ ವಾಷ್ಡ್ ಅವೇ ಬೈ ದಿ ವಾಟರ್’, ‘ದೇ ಲೆಟ್ ವಾಟರ್ ಔಟ್ ಇಂಟು ದಿ ರಿವರ್’ ಎಂದು ಬರೆದುಕೊಂಡೆವು. ಇಲ್ಲಿಯೂ ‘ಅವೇ’ ಆದ ಮೇಲೆ ‘ಬೈ’ ಇದೆ, ‘ಔಟ್’ ಆದ ಮೇಲೆ ‘ಇಂಟು’ ಇದೆ. ಆದರೆ ಇವು ಕ್ರಿಯಾಪದದೊಂದಿಗೆ ಗಂಟುಬಿದ್ದವಲ್ಲ. ‘ಇಂಟು ದಿ ರಿವರ್’ ತೆಗೆದು ‘ಥ್ರೂ ದಿ ಗೇಟ್ಸ್’ ಎಂದು ಇಟ್ಟರೂ ‘ಲೆಟ್ ಔಟ್’ನ ಅರ್ಥ ಕದಲುವುದಿಲ್ಲ, ‘ಪುಟ್ ಅಪ್ ವಿತ್’ನ ‘ವಿತ್’ ಬದಲಿಸಿದರೆ ಅರ್ಥವೇ ಕೆಡುತ್ತದೆ.

ಕನ್ನಡಿಗರಿಗೆ ಈ ಭೇದ ಬಹಳ ಮುಖ್ಯವೆಂಬುದು ನನ್ನ ಅಭಿಪ್ರಾಯ. ಸ್ವತಂತ್ರವಾದ ಪ್ರಿಪೊಸಿಷನ್‌ಗಳಿಗೆ ನಮ್ಮ ವಿಭಕ್ತಿಗಳೇ ದಾರಿ ತೋರಿಸುತ್ತವೆ. ನದಿಗೆ, ನೀರಿನಿಂದ, ಗೇಟಿನ ಮೂಲಕ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಇಂಗ್ಲಿಷ್ ಪದ ತಾನಾಗಿ ಸಿಗುತ್ತದೆ. ಗಂಟುಬಿದ್ದವುಗಳಲ್ಲಿ ವಿಭಕ್ತಿ ಕೈಕೊಡುತ್ತದೆ. ನಾವು ಗದ್ದಲವನ್ನು ಸಹಿಸುತ್ತೇವೆ, ಜಾತ್ರೆಯನ್ನು ಎದುರುನೋಡುತ್ತೇವೆ, ಬಡವರನ್ನು ಕೀಳಾಗಿ ಕಾಣುತ್ತೇವೆ. ಮೂರಕ್ಕೂ ದ್ವಿತೀಯಾ ವಿಭಕ್ತಿಯೇ. ಇಂಗ್ಲಿಷಿನಲ್ಲಿ ಒಂದಕ್ಕೆ ‘ವಿತ್’, ಇನ್ನೊಂದಕ್ಕೆ ‘ಟು’, ಮತ್ತೊಂದಕ್ಕೆ ‘ಆನ್’. ಹಾಗಾಗಿ ಬಾಯಿಪಾಠಕ್ಕೆ ಮೀಸಲಿಡಬೇಕಾದದ್ದು ಈ ಪುಟವೊಂದೇ. ನಿಭಾಯಿಸುವುದೆಂಬ ಅರ್ಥದಲ್ಲಿ ಭಾರತದಲ್ಲೆಲ್ಲ ರೂಢಿಯಾಗಿರುವ ‘ಕೋಪ್ ಅಪ್ ವಿತ್’ನ ‘ಅಪ್’ ಕೂಡ ‘ಕೀಪ್ ಅಪ್ ವಿತ್’ನಂಥ ನೆರೆಯವರಿಂದ ಬಂದು ಸೇರಿರಬೇಕೆಂದು ನನ್ನ ಊಹೆ, ಪರೀಕ್ಷೆಯ ಉತ್ತರದಲ್ಲಿ ‘ಕೋಪ್ ವಿತ್’ ಎಂದೇ ಬರೆಯಬೇಕು.

ಈ ಗೋಜಲು ನಮಗಷ್ಟೇ ಕಂಡದ್ದಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿ ಅರ್ಥ ಬದಲಾಗುವ ಈ ಪದ್ಧತಿ ಪರದೇಶಿಯರಿಗೆ ಅತಿ ಕಠಿಣವೆಂದು ಬರೆದಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. 1925ರಲ್ಲಿ ಅದನ್ನು ಬಳಸಿದ ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್, ಆ ಹೆಸರನ್ನು ಸೂಚಿಸಿದವರು ನಿಘಂಟುಕಾರ ಹೆನ್ರಿ ಬ್ರ್ಯಾಡ್ಲಿ ಎಂದು ಹೇಳಿದ್ದಾರೆ.

ಸದ್ಯ ‘ಅಪ್’, ‘ಔಟ್’, ‘ಡೌನ್’ಗಳ ಹಾಳೆಗಳು ಮುಗಿದಿವೆ. ಮುಂದಿನದು ‘ಟು’. ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂಬಲ್ಲಿ ‘ಟು’ ಪ್ರಿಪೊಸಿಷನ್ ಆದ್ದರಿಂದ ಅದರ ಮುಂದೆ ‘ಮೀಟ್’ ಬರಲಾರದು. ‘ವಾಂಟ್ ಟು ಮೀಟ್’ನ ‘ಟು’ ಬೇರೆಯೇ. ಇವೆರಡನ್ನು ಒಂದೇ ಹಾಳೆಯಲ್ಲಿ ಎದುರುಬದುರಾಗಿ ಇಡುವ ಯೋಚನೆಯಿದೆ. ಅದಾದ ಮೇಲೆ ಧ್ವನಿಮುದ್ರಣ: ಕ್ರಿಯಾವಿಶೇಷಣವಾದ ಚಿಕ್ಕ ಪದದ ಮೇಲೆ ಸಾಮಾನ್ಯವಾಗಿ ಒತ್ತು ಬೀಳುತ್ತದೆ, ಪ್ರಿಪೊಸಿಷನ್ ಮೇಲೆ ಬೀಳುವುದಿಲ್ಲ. ‘ಚೆಕ್ ಅಪ್ ಆನ್’ನಂಥ ಜೋಡಿಗಳನ್ನು ನಿಧಾನವಾಗಿ ಓದಿ ಮೊಬೈಲಿನಲ್ಲಿ ಮುದ್ರಿಸಿ, ಓದುಗರ ಕಿವಿಗೆ ಆ ವ್ಯತ್ಯಾಸ ಬೀಳುವುದೋ ಇಲ್ಲವೋ ಎಂದು ನೋಡಿದ ನಂತರವೇ ‘ಗೆಟ್’ ಎಂಬ ದೊಡ್ಡ ಕಂತೆಗೆ ಕೈಹಾಕುತ್ತೇನೆ.